ಚೀಟಿಯೂ ದಾಸೋಹವೂ

ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಕೆ.ಎಂ.ಸಿ.ಯೇ. ಧಾರವಾಡ, ಗದಗ, ಹಾವೇರಿ ಸೀಮೆಗಳಿಂದಲೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ರೊಟ್ಟಿಯ ಗಂಟು ಹೊತ್ತ ಬಂಧುಗಳು ಅಂಗಳದಲ್ಲಿಯೇ ರಾತ್ರಿ ಕಳೆಯುತ್ತಾರೆ. ಆ ಸಾಲಿನಲ್ಲಿ ಲಿಂಗಧಾರಿಯ ಹಿಂದೆ ಮುಸಲ್ಮಾನನೂ ಅವನ ಹಿಂದೆ ಲಂಬಾಣಿ ತಾಯಿಯೂ ನಿಂತಿರುತ್ತಾರೆ. ಶರಣರು ಬಯಸಿದ ಸಮತೆ ಅಷ್ಟರಮಟ್ಟಿಗಾದರೂ ಅಲ್ಲಿ ಕಾಣುತ್ತದೆ.

ಇಂಥ ಆಸ್ಪತ್ರೆಗಳಿಗೆ ಹೊರಟ ಭಕ್ತರು ಮೊದಲು ಮಠಕ್ಕೆ ಬಂದು, "ಅಜ್ಜಾರ, ಡಾಕ್ಟರಿಗೆ ಒಂದು ಚೀಟಿ ಬರದು ಕೊಡ್ರಿ" ಎನ್ನುತ್ತಾರೆ. ನಾವೂ ಬರೆದುಕೊಟ್ಟಿದ್ದೇವೆ, ಬಹುಕಾಲ ಅದನ್ನು ದಯೆಯೆಂದೇ ತಿಳಿದಿದ್ದೆವು. ಒಮ್ಮೆ, ಬೇರೊಂದು ಊರಿನಿಂದ ಗುಣಹೊಂದಿ ಬಂದ ಭಕ್ತನು, ಬೆಳಗಿನಿಂದ ಕಾದಿದ್ದ ಮುದುಕಿಯನ್ನು ಬದಿಗೆ ಸರಿಸಿ ತನ್ನನ್ನು ಒಳಗೆ ಕರೆದರೆಂದು ಹೇಳಿದನು. ಅವನ ಧ್ವನಿಯಲ್ಲಿ ಕೃತಜ್ಞತೆಯಿತ್ತು. ಅಂದು ನಮಗೆ ಪ್ರಸಾದ ರುಚಿಸಲಿಲ್ಲ.

ರೋಗದ ತೀವ್ರತೆಯನ್ನು ನೋಡಿ ವೈದ್ಯರು ಸರದಿ ಮುರಿಯುವುದು ಧರ್ಮವೇ ಸರಿ. ಕಾವಿಯನ್ನು ನೋಡಿ ಮುರಿಯುವುದು ಹಾಗಲ್ಲ. ದಾಸೋಹವೆಂದರೆ ನಮ್ಮದನ್ನು ನೀಡುವುದು. ಆ ಮುದುಕಿಯ ಸರದಿ ನಮ್ಮದಾಗಿರಲಿಲ್ಲ.

"ಚೀಟಿಯಿಲ್ಲದ ಬಡವನನ್ನು ಕೇಳುವವರಾರು?" ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಓದು ಬಾರದವನಿಗೆ ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂಬುದೇ ತಿಳಿಯದು. ಆದುದರಿಂದ ಈಗ ಚೀಟಿ ಕೇಳಿದವರೊಡನೆ ಮಠದ ಹಿರಿಯ ವಿದ್ಯಾರ್ಥಿಯೊಬ್ಬನನ್ನು ಕಳುಹಿಸುತ್ತೇವೆ. ಅವನು ಅವರಿಗೂ, ಹಿಂದೆ ಮುಂದೆ ನಿಂತವರಿಗೂ ಕಾಗದ ತುಂಬಿಕೊಡುತ್ತಾನೆ. ಕೆಲವು ಭಕ್ತರು ಇದರಿಂದ ಮುನಿಸಿಕೊಂಡಿರುವುದುಂಟು.