ರಿಸಲ್ಟ್ ಬರುವ ಮೊದಲೇ ಹೇಳಬೇಕಾದ ಮಾತು

  

ಹೋದ ಭಾನುವಾರ ಇಲ್ಲಿ ಏನಾಯ್ತು ಅಂತ ನೆನಪಿದೆಯಾ? ಆರಾಧನೆ ಮುಗಿದ ಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳೆಲ್ಲ ಮುಂದೆ ಬಂದ್ರು. ಒಂದು ಕೈಯಲ್ಲಿ ಹಾಲ್ ಟಿಕೆಟ್, ಇನ್ನೊಂದು ಕೈಯಲ್ಲಿ ಪೆನ್ನು. ಹಿರಿಯರು ಅವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು. ಪ್ರತಿ ವರ್ಷ ಮಾಡ್ತೀವಿ, ಒಳ್ಳೆಯದು. ನಾನು ಒಬ್ಬ ಹುಡುಗನ ಹತ್ತಿರ ಹೋಗಿ, "ಏನಕ್ಕೆ ಪ್ರಾರ್ಥನೆ ಮಾಡ್ಲಿ ಮಗನೇ?" ಅಂತ ಕೇಳಿದೆ. ಅವನು ಬಾಯಿ ತೆರೆಯೋ ಮೊದಲೇ ಹಿಂದೆ ನಿಂತಿದ್ದ ಅವರಮ್ಮ, "ನೈಂಟಿಫೈವ್ ಅಯ್ಯ, ನೈಂಟಿಫೈವ್ ಪರ್ಸೆಂಟ್ ಮೇಲೆ ಬರ್ಲಿ ಅಂತ ಮಾಡಿ" ಅಂದ್ರು. ಎಲ್ಲರೂ ನಕ್ರು. ನಾನೂ ನಕ್ಕೆ. ಹುಡುಗ ಮಾತ್ರ ನಗಲಿಲ್ಲ.

ಆ ತಾಯಿಯನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ. ಅವರದ್ದು ತಪ್ಪು ಅಂತ ತೋರಿಸೋಕೆ ಅಲ್ಲ. ನಾನು ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದೀನಿ, ಅದನ್ನು ಒಪ್ಪಿಕೊಳ್ಳದೆ ಇವತ್ತಿನ ಸಂದೇಶ ಕೊಡೋ ಹಕ್ಕು ನನಗಿಲ್ಲ.

ಎರಡು ವರ್ಷದ ಹಿಂದೆ ನನ್ನ ಮಗಳು ಹತ್ತನೇ ಕ್ಲಾಸು. ಪ್ರಿಪರೇಟರಿ ಪರೀಕ್ಷೆಯ ಗಣಿತದಲ್ಲಿ 80ಕ್ಕೆ 31 ಬಂತು. ಪೇಪರ್ ನೋಡಿದ ತಕ್ಷಣ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ಪಾಸ್ಟರ್ ಮಗಳು ಇಷ್ಟು ಮಾರ್ಕ್ಸ್ ತಗೊಂಡ್ರೆ ಸಭೆಯವರು ಏನಂತಾರೆ?" ಅವತ್ತು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಾನು ತುಂಬ ಹೊತ್ತು ಪ್ರಾರ್ಥಿಸಿದೆ. ಕರ್ತನೇ, ಇವಳ ಸೋಮಾರಿತನ ತೆಗೆದುಹಾಕು, ಇವಳಿಗೆ ಜ್ಞಾನ ಕೊಡು. ನನ್ನ ಹೆಂಡತಿ ಆಮೆನ್ ಅಂದ್ಲು. ಮಗಳು ಅನ್ನಲಿಲ್ಲ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು: "ಅಪ್ಪ, ನೀವು ಪ್ರಾರ್ಥನೆ ಮಾಡಿದ್ದು ನನಗೋಸ್ಕರನಾ, ನಿಮ್ಮ ಹೆಸರಿಗೋಸ್ಕರನಾ?"

ಪ್ರಿಯರೇ, ಹದಿನೆಂಟು ವರ್ಷ ಸೇವೆ ಮಾಡಿದವನಿಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಮಗುವಿಗೆ ಓದು ಓದು ಅಂತ ಹೇಳೋದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಎಲ್ಲಿಯವರೆಗೆ ಅದು ಪ್ರೀತಿ? ಎಲ್ಲಿಂದ ಅದು ನಮ್ಮ ಮಾನದ ವ್ಯವಹಾರ? ಇದೇ ಇವತ್ತಿನ ಪ್ರಶ್ನೆ.

ಮಾರನೇ ದಿನ ನಾನು ಪಾಪಪ್ರಜ್ಞೆಯಿಂದ ಪೂರ್ತಿ ಆಚೆ ಬದಿಗೆ ವಾಲಿಬಿಟ್ಟೆ. "ಪುಟ್ಟಿ, ಮಾರ್ಕ್ಸ್ ಏನೂ ಮುಖ್ಯ ಅಲ್ಲ ಕಣಮ್ಮ" ಅಂದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಸುಳ್ಳು ಹೇಳ್ಬೇಡಿ ಅಪ್ಪ" ಅಂದಳು. ಅವಳು ಹೇಳಿದ್ದು ಸರಿ. ಜನವರಿಯಲ್ಲೇ ಮನೆ ಕೇಬಲ್ ತೆಗೆಸಿದ್ವಿ. ಚಿಕ್ಕಪ್ಪನ ಮಗನ ಮದುವೆಗೆ ಅವಳನ್ನು ಕರ್ಕೊಂಡು ಹೋಗಲಿಲ್ಲ. ಟ್ಯೂಷನ್ ಫೀಸನ್ನು ಮೂರು ಕಂತಲ್ಲಿ ಕಟ್ಟಿದ್ವಿ. ಇಡೀ ಮನೆ ದಿನಕ್ಕೆ ಹತ್ತು ಸಲ "ಮಾರ್ಕ್ಸ್ ಮುಖ್ಯ" ಅಂತ ಕೂಗ್ತಿರುವಾಗ, ನಾನು ಒಂದು ಸಲ "ಮುಖ್ಯ ಅಲ್ಲ" ಅಂದ್ರೆ ಹದಿನೈದು ವರ್ಷದ ಮಗು ಯಾವುದನ್ನು ನಂಬುತ್ತೆ?

ಹಾಗಾದ್ರೆ ಸತ್ಯ ಏನು? ನಮ್ಮಪ್ಪ ಮಿಲ್‌ನಲ್ಲಿ ಕೂಲಿ ಮಾಡ್ತಿದ್ರು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಇದ್ದಿದ್ದರಿಂದಲೇ ನನಗೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ತು. ಡೊನೇಷನ್ ಕಟ್ಟೋ ಶಕ್ತಿ ಇಲ್ಲದ ಮನೆಗೆ ಮಾರ್ಕ್ಸ್ ಅಂದ್ರೆ ದೊಡ್ಡ ವಿಷಯ. ಮುಖ್ಯ ಅಲ್ಲ ಅಂತ ಹೇಳೋದು, ಹೊಟ್ಟೆ ತುಂಬಿದವನು ಅನ್ನ ಮುಖ್ಯ ಅಲ್ಲ ಅಂದ ಹಾಗೆ.

ಆದರೆ ಆ ಮಾರ್ಕ್ಸ್ ಏನನ್ನು ಅಳೆಯುತ್ತೆ ಅಂತ ನೋಡಿ. ಎಸ್‌ಎಸ್‌ಎಲ್‌ಸಿಗೆ ಒಟ್ಟು 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಕೇಳಿದ ಪ್ರಶ್ನೆಗೆ ಮೂರು ಗಂಟೆ ಚಿಲ್ಲರೆಯಲ್ಲಿ ಏನು ಬರೆದಳು, ಅಷ್ಟು ಅದಕ್ಕೆ ಗೊತ್ತು. ಮುಂದಿನ ಸೀಟು ಕೊಡೋಕೆ ಅಷ್ಟು ಸಾಕು. ಹಾಸಿಗೆ ಹಿಡಿದ ಅಜ್ಜಿಗೆ ಇವಳು ಎಷ್ಟು ತಾಳ್ಮೆಯಿಂದ ಗಂಜಿ ಕುಡಿಸಿದಳು ಅನ್ನೋದು ಅದಕ್ಕೆ ಗೊತ್ತಿಲ್ಲ. "ಇವಳು ಯಾರ ಮಗಳು" ಅನ್ನೋ ಪ್ರಶ್ನೆಗೆ ಆ 625ರಲ್ಲಿ ಒಂದು ಮಾರ್ಕೂ ಇಟ್ಟಿಲ್ಲ. ಆ ಉತ್ತರ ಕೊಡಬೇಕಾದವರು ತಂದೆ ತಾಯಿ. ಅದನ್ನು ನಾವು ಬೋರ್ಡಿಗೆ ಬಿಟ್ಟುಕೊಟ್ಟಿದ್ದೀವಿ.

ಈಗ ಲೂಕನ ಸುವಾರ್ತೆ 3ನೇ ಅಧ್ಯಾಯಕ್ಕೆ ಬನ್ನಿ. ಯೊರ್ದನ್ ಹೊಳೆ. ಯೇಸು ಜನರ ಜೊತೆ ನಿಂತು ದೀಕ್ಷಾಸ್ನಾನ ಮಾಡಿಸಿಕೊಂಡು ಪ್ರಾರ್ಥಿಸುತ್ತಿದ್ದಾರೆ. ಆಕಾಶ ತೆರೆಯುತ್ತೆ, ಪವಿತ್ರಾತ್ಮ ಪಾರಿವಾಳದ ಹಾಗೆ ಇಳಿದು ಬರ್ತಾರೆ, ತಂದೆಯ ಧ್ವನಿ ಕೇಳುತ್ತೆ. ನೀನು ನನ್ನ ಮಗ, ನನಗೆ ಪ್ರಿಯನು, ನಿನ್ನಲ್ಲಿ ನನಗೆ ಸಂತೋಷವಿದೆ ಅನ್ನೋ ಅರ್ಥದ ಮಾತು ನಿಮಗೆಲ್ಲ ಬಾಯಿಪಾಠ. ನನ್ನ ಪ್ರಶ್ನೆ ಇಷ್ಟೇ: ಆ ಹೊತ್ತಿಗೆ ಯೇಸು ಏನು ಸಾಧಿಸಿದ್ದರು? ಒಬ್ಬ ಕುಷ್ಠರೋಗಿ ಇನ್ನೂ ಶುದ್ಧನಾಗಿಲ್ಲ. ಬೆಟ್ಟದ ಪ್ರಸಂಗ ಆಗಿಲ್ಲ. ಒಬ್ಬ ಶಿಷ್ಯನನ್ನೂ ಕರೆದಿಲ್ಲ. ಸುಮಾರು ಮೂವತ್ತು ವಯಸ್ಸು, ಸೇವೆ ಇನ್ನು ಶುರುವಾಗಬೇಕು. ತಂದೆ ರಿಸಲ್ಟ್‌ಗೆ ಕಾಯಲಿಲ್ಲ. ಪರೀಕ್ಷೆಗೆ ಮೊದಲೇ ಹೇಳಿಬಿಟ್ಟರು.

ಮುಂದಿನ ಅಧ್ಯಾಯದಲ್ಲಿ ಪರೀಕ್ಷೆ ಬರುತ್ತೆ. ಅಡವಿ, ನಲವತ್ತು ದಿನ, ಹಸಿವು. ಸೈತಾನ ಬಂದು ಎತ್ತಿದ ಮೊದಲ ಮಾತು ಯಾವುದು? ನೀನು ನಿಜವಾಗಿ ಮಗನೇ ಆಗಿದ್ದರೆ ಮಾಡಿ ತೋರಿಸು. ಗಮನಿಸಿದ್ರಾ? ತಂದೆ ಉಚಿತವಾಗಿ ಕೊಟ್ಟದ್ದನ್ನು ಅವನು ಪ್ರೂಫ್ ಕೊಟ್ಟು ಗಳಿಸು ಅಂತಾನೆ. "ಇಷ್ಟು ಬಂದ್ರೆ ನೀನು ನಮ್ಮ ಮಗಳು" ಅಂತ ನಾವು ಬಾಯಿಬಿಟ್ಟು ಹೇಳದಿರಬಹುದು. ಆದರೆ ಮಾರ್ಕ್ಸ್ ಕಾರ್ಡ್ ಬಂದ ದಿನ ಮುಖ ಗಂಟು ಹಾಕಿ, ತಟ್ಟೆಯನ್ನು ಟಪ್ ಅಂತ ಇಟ್ಟು, ಎರಡು ದಿನ ಮಾತು ಬಿಟ್ರೆ ಅದೇ ಮಾತನ್ನು ಹೇಳಿದ ಹಾಗೆ. ಹೇಳಿ, ಆಗ ಮಕ್ಕಳ ಕಿವಿಗೆ ಬೀಳ್ತಿರೋದು ಯಾರ ಧ್ವನಿ?

ಒಬ್ಬ ತಂದೆ ನನ್ನ ಹತ್ತಿರ ವಾದ ಮಾಡಿದ್ರು. "ಅಯ್ಯ, ಹೀಗೆ ಮೊದಲೇ ಹೇಳಿಬಿಟ್ರೆ ಯಾವ ಮಗು ಓದುತ್ತೆ? ಸ್ವಲ್ಪ ಭಯ ಇರಬೇಕು." ಇದು ತಳ್ಳಿಹಾಕೋ ಮಾತಲ್ಲ. ಭಯದಿಂದ ಮಕ್ಕಳು ಕೂತು ಓದ್ತಾರೆ, ನಿಜ. ನಾನೂ ಹಾಗೇ ಓದಿದವನು. ಆದರೆ ಭಯ ಇನ್ನೊಂದನ್ನೂ ಕಲಿಸುತ್ತೆ, ಬಚ್ಚಿಡೋದನ್ನು. ಆದಾಮ ಏನು ಮಾಡಿದ? ತೋಟದ ಮರಗಳ ಹಿಂದೆ ಅಡಗಿಕೊಂಡ. ನಮ್ಮ ಮಕ್ಕಳು ಉತ್ತರಪತ್ರಿಕೆಯನ್ನು ಹಾಸಿಗೆ ಕೆಳಗೆ ಇಡ್ತಾರೆ, ಸಹಿಯನ್ನು ತಾವೇ ಹಾಕ್ತಾರೆ. ಅಲ್ಲಿಗೇ ನಿಂತರೆ ಪರವಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರ ಒಂದೇ ವರ್ಷ ಈ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವ ತಾವೇ ತೆಗೆದುಕೊಂಡರು. ಎಲ್ಲರದ್ದೂ ಪರೀಕ್ಷೆಯ ಕಾರಣ ಅಲ್ಲ. ಆದರೆ ಆ ಕಾರಣವೂ ಆ ಪಟ್ಟಿಯಲ್ಲಿದೆ. ಕಷ್ಟ ಬಂದಾಗ ಮಗು ಮನೆ ಕಡೆಗೆ ಓಡಿ ಬರಬೇಕಾ, ಮನೆಯಿಂದ ದೂರ ಓಡಬೇಕಾ? ಅದು ರಿಸಲ್ಟ್ ದಿನ ತೀರ್ಮಾನ ಆಗಲ್ಲ. ಅದಕ್ಕೂ ಮೊದಲೇ, ದಿನದಿನದ ಊಟದ ಹೊತ್ತಲ್ಲಿ ತೀರ್ಮಾನ ಆಗಿರುತ್ತೆ.

ಇಲ್ಲಿ ಕೂತಿರೋ, ಆನ್‌ಲೈನ್‌ನಲ್ಲಿ ಓದ್ತಿರೋ ಯಾರಿಗಾದ್ರೂ ಮನಸ್ಸು ಅಷ್ಟು ಭಾರ ಆಗಿದ್ರೆ, ನನ್ನ ಜೊತೆ ಮಾತಾಡಿ, ನಂಬಿಕೆ ಇರೋ ದೊಡ್ಡವರ ಜೊತೆ ಮಾತಾಡಿ. 14416ಗೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಫೋನ್ ಮಾಡೋದು ಅವಿಶ್ವಾಸ ಅಲ್ಲ.

ಆ ತಂದೆಯ ವಾದಕ್ಕೆ ಇನ್ನೊಂದು ಉತ್ತರವೂ ಇದೆ. ಪ್ರಿಯ ಮಗನೇ ಅನ್ನೋ ಮಾತು ಕೇಳಿದ ಮೇಲೆ ಯೇಸು ಮನೆಗೆ ಹೋಗಿ ಮಲಗಲಿಲ್ಲ. ಅಡವಿಗೆ ಹೋದರು, ಗಲಿಲಾಯಕ್ಕೆ ಹೋದರು, ಕಡೆಗೆ ಶಿಲುಬೆಯವರೆಗೂ ಹೋದರು. ಪ್ರೀತಿ ಗೊತ್ತಿರುವವನು ಸೋಮಾರಿ ಆಗಲ್ಲ, ಧೈರ್ಯವಂತ ಆಗ್ತಾನೆ. ಸೋತರೂ ಹೋಗೋಕೆ ಒಂದು ಮನೆ ಇದೆ ಅಂತ ಗೊತ್ತಿದ್ರೆ ಕಷ್ಟದ ಪ್ರಶ್ನೆಗೂ ಕೈ ಹಾಕ್ತಾನೆ.

ಸರಿ, ಹೇಳಿದ್ದಾಯ್ತು, ಮಾಡೋದು ಏನು? ಎಲೀಯನನ್ನು ನೋಡಿ, ಮೊದಲನೆಯ ಅರಸುಗಳು 19. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡವನು, ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಜಾಲಿ ಗಿಡದ ಕೆಳಗೆ ಕೂತು, ನನಗೆ ಸಾಕು, ಪ್ರಾಣ ತೆಗೆದುಬಿಡು ಅಂತಾನೆ. ದೇವರು ಅವನಿಗೆ ಉಪದೇಶ ಮಾಡಿದರಾ? ಇಲ್ಲ. ಮಲಗೋಕೆ ಬಿಟ್ಟರು. ದೂತನು ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಮತ್ತೆ ಎಬ್ಬಿಸಿ, ದಾರಿ ದೂರ ಇದೆ, ತಿನ್ನು ಅಂದ. ಹೋರೇಬ್ ತಲುಪಿದ ಮೇಲೆಯೇ ಪ್ರಶ್ನೆ, ಮಾತು ಎಲ್ಲ.

ನಾವು ತಲೆಕೆಳಗು ಮಾಡ್ತೀವಿ. ಹನ್ನೆರಡು ಗಂಟೆಗೆ ಮಲಗಿದ ಮಗುವನ್ನು ನಾಲ್ಕು ಗಂಟೆಗೆ ಎಬ್ಬಿಸಿ, ಮೊದಲು ಪ್ರಾರ್ಥನೆ, ಆಮೇಲೆ ಓದು ಅಂತೀವಿ. ಹದಿಹರೆಯದ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳ್ತಾರೆ. ಓದಿದ್ದು ತಲೆಯಲ್ಲಿ ಕೂರೋದೇ ನಿದ್ದೆಯಲ್ಲಿ. ಅಮ್ಮಂದಿರೇ, ಅಪ್ಪಂದಿರೇ, ನಾಲ್ಕು ಗಂಟೆಗೆ ನೀವು ಎದ್ದು ಪ್ರಾರ್ಥನೆ ಮಾಡಿ, ಮಗು ಮಲಗಲಿ. ಉಪವಾಸ ನೀವು ಮಾಡಿ, ಮಗು ಊಟ ಮಾಡ್ಲಿ. ಪೇಪರ್ ಮುಗಿಸಿ ಬಂದಾಗ ಆಟೋದಲ್ಲೇ ಪ್ರಶ್ನೆಪತ್ರಿಕೆ ಬಿಚ್ಚಿ ಮಾರ್ಕ್ಸ್ ಕೂಡಿಸಬೇಡಿ. ಹೇಗಿತ್ತು ಅಂತ ಒಂದೇ ಸಲ ಕೇಳಿ, ಆಮೇಲೆ ಊಟಕ್ಕೆ ಏನು ಬೇಕು ಅಂತ ಕೇಳಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಹೆಚ್ಚು ಬಂದ ಮಾರ್ಕ್ಸ್ ಇಟ್ಕೊಳ್ಳಬಹುದು. ಬೋರ್ಡೇ ಒಂದಕ್ಕಿಂತ ಹೆಚ್ಚು ಅವಕಾಶ ಕೊಡ್ತಿರುವಾಗ ಅಪ್ಪ ಅಮ್ಮ ಒಂದೇ ಕೊಟ್ರೆ ಹೇಗೆ?

ಯೌವನಸ್ಥರೇ, ಈಗ ನಿಮಗೆ. ನಿಮ್ಮಲ್ಲಿ ಕೆಲವರು, ನಮಗಿನ್ನೂ ಮದುವೆಯೇ ಆಗಿಲ್ಲ, ಇದೆಲ್ಲ ನಮಗ್ಯಾಕೆ ಅಂತ ಫೋನ್ ನೋಡ್ತಿದ್ದೀರಿ. ನಿಮಗೆ ಇಪ್ಪತ್ತಾರು ವಯಸ್ಸು, ಒಳ್ಳೆ ಕೆಲಸ. ಆದರೂ ಅಪ್ರೈಸಲ್ ಮೀಟಿಂಗ್ ಹಿಂದಿನ ರಾತ್ರಿ ಅದೇ ಹತ್ತನೇ ಕ್ಲಾಸಿನ ಹೊಟ್ಟೆನೋವು ಬರುತ್ತಲ್ಲ, ಯಾಕೆ? ಯಾರೋ ನಿಮಗೆ ಆ ಮಾತನ್ನು ಮೊದಲು ಹೇಳಬೇಕಿತ್ತು, ಹೇಳಲಿಲ್ಲ. ಬಹುಶಃ ನಿಮ್ಮ ಅಪ್ಪನಿಗೂ ಯಾರೂ ಹೇಳಿರಲಿಕ್ಕಿಲ್ಲ. ನಮ್ಮಪ್ಪನಿಗೆ ಖಂಡಿತ ಹೇಳಿರಲಿಲ್ಲ. ಅವರನ್ನು ಕ್ಷಮಿಸಿ. ಮನೆಯಲ್ಲಿ ತಮ್ಮನೋ ತಂಗಿಯೋ, ಪಕ್ಕದ ಮನೆ ಹುಡುಗನೋ ಪರೀಕ್ಷೆ ಬರೀತಿದ್ರೆ "ಆಲ್ ದ ಬೆಸ್ಟ್" ಸ್ಟಿಕ್ಕರ್ ಕಳಿಸಿ ಸುಮ್ಮನಾಗಬೇಡಿ. ಹೋಗಿ ಪಕ್ಕದಲ್ಲಿ ಕೂತು, "ಏನೇ ಬಂದ್ರೂ ನೀನು ನಮ್ಮವನು" ಅಂತ ಹೇಳಿ.

ನಮ್ಮ ಸಭೆಯೂ ಒಂದು ವಿಷಯಕ್ಕೆ ಪಶ್ಚಾತ್ತಾಪ ಪಡಬೇಕು. ಹೋದ ವರ್ಷ ರಿಸಲ್ಟ್ ಆದ ಭಾನುವಾರ ತೊಂಬತ್ತರ ಮೇಲೆ ಬಂದವರನ್ನು ಸ್ಟೇಜಿಗೆ ಕರೆದು ಸಾಕ್ಷಿ ಹೇಳಿಸಿದ್ವಿ, ಚಪ್ಪಾಳೆ ಹೊಡೆದ್ವಿ. ಅವತ್ತು ಒಂದು ಕುಟುಂಬ ಬಂದಿರಲಿಲ್ಲ. ಎರಡು ತಿಂಗಳು ಬರಲಿಲ್ಲ. ಮಗ ಒಂದು ವಿಷಯದಲ್ಲಿ ಫೇಲ್ ಆಗಿದ್ದ. ಅವರು ಬಂದಿಲ್ಲ ಅಂತ ನನಗೆ ಗೊತ್ತಾಗಿದ್ದೇ ಮೂರನೇ ವಾರ. ಒಬ್ಬ ಕುರುಬನಾಗಿ ಅದನ್ನು ಹೇಳೋಕೆ ನನಗೆ ನಾಚಿಕೆಯಾಗುತ್ತೆ. ಈ ವರ್ಷ ರಿಸಲ್ಟ್ ಆದ ಭಾನುವಾರ ಪರೀಕ್ಷೆ ಬರೆದ ಎಲ್ಲ ಮಕ್ಕಳೂ ಮುಂದೆ ಬರ್ತಾರೆ. ನಂಬರ್ ಯಾರೂ ಹೇಳೋದಿಲ್ಲ. ಎಲ್ಲರಿಗೂ ಒಂದೇ ಆಶೀರ್ವಾದ.

ನನ್ನ ಮಗಳ ರಿಸಲ್ಟ್ ಏನಾಯ್ತು ಅಂತ ನಿಮಗೆ ಕುತೂಹಲ ಇರುತ್ತೆ. ಅದನ್ನು ನಾನು ಹೇಳಲ್ಲ. ಹೇಳಿದ್ರೆ ಈ ಸಂದೇಶ ಸರಿಯೋ ತಪ್ಪೋ ಅಂತ ನೀವು ಆ ನಂಬರ್‌ನಿಂದಲೇ ಅಳೀತೀರಿ. ರಿಸಲ್ಟ್ ಹಿಂದಿನ ರಾತ್ರಿ ಅವಳ ಕೋಣೆ ಬಾಗಿಲು ತಟ್ಟಿ, ಹಾಸಿಗೆ ಪಕ್ಕ ನೆಲದ ಮೇಲೆ ಕೂತೆ. "ನಾಳೆ ಏನು ಬರುತ್ತೋ ಗೊತ್ತಿಲ್ಲ. ಅದು ಮುಖ್ಯ, ಅದರಿಂದ ಕೆಲವು ಬಾಗಿಲು ತೆರೆಯುತ್ತೆ, ಕೆಲವು ಮುಚ್ಚುತ್ತೆ. ಆದರೆ ನೀನು ನನ್ನ ಮಗಳು ಅನ್ನೋದು ನಾಳೆ ತೀರ್ಮಾನ ಆಗೋದಲ್ಲ, ನೀನು ಹುಟ್ಟಿದ ದಿನವೇ ಆಗಿದೆ. ಅವತ್ತು ನಾನು ಪ್ರಾರ್ಥನೆ ಮಾಡಿದ್ದು ನನ್ನ ಹೆಸರಿಗೋಸ್ಕರ. ಕ್ಷಮಿಸಮ್ಮ" ಅಂದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಪರೀಕ್ಷೆಗೆ ಮೊದಲೇ ಹೇಳ್ಬಹುದಿತ್ತಲ್ಲ ಅಪ್ಪ."

ನಾನು ತಡ ಮಾಡಿದೆ, ಪ್ರಿಯರೇ. ನಿಮಗೆ ಇನ್ನೂ ಸಮಯ ಇದೆ. ಮೊದಲ ಪೇಪರ್‌ಗೆ ಇನ್ನೂ ಕೆಲವು ದಿನ ಇದೆ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಹೇಳಿ.

ತಲೆ ಬಾಗಿಸೋಣ. ಪರಲೋಕದ ತಂದೆಯೇ, ನಾವು ಏನೂ ಮಾಡದಿದ್ದಾಗಲೇ ನಮ್ಮನ್ನು ಮಕ್ಕಳು ಅಂತ ಕರೆದದ್ದಕ್ಕೆ ಸ್ತೋತ್ರ. ಪರೀಕ್ಷೆ ಬರೆಯುವ ಪ್ರತಿಯೊಂದು ಮಗುವಿಗೆ ಒಳ್ಳೆಯ ನಿದ್ದೆ ಕೊಡು, ಓದಿದ್ದು ನೆನಪಿಗೆ ತಾ, ಕೈ ನಡುಗದಂತೆ ಕಾಪಾಡು. ತಂದೆತಾಯಿಗಳ ಬಾಯಲ್ಲಿ ನಿನ್ನ ಧ್ವನಿಯನ್ನಿಡು. ತಡವಾಗಿ ಕಲಿತ ನಮ್ಮನ್ನು ಕ್ಷಮಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.