ಹೈಪೋ, ಹೈಪರ್

ಆಸ್ಪತ್ರೆಯಿಂದ ಮನೆಗೆ ಬರುವಾಗ ಮಾತ್ರೆಗಳ ಜೊತೆಗೆ ನಾಲ್ಕಾರು ಇಂಗ್ಲಿಷ್ ಪದಗಳೂ ಬರುತ್ತವೆ. ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ‘ಹೈಪೋಗ್ಲೈಸೀಮಿಯಾ’ ಅಂಥದ್ದೊಂದು. ಹಿರಿಯರು ಓದಲು ಹೊರಟು, ನಡುವೆ ತಡವರಿಸಿ, ಚೀಟಿಯನ್ನು ಮಡಿಸಿ ಎತ್ತಿಟ್ಟುಬಿಡುತ್ತಾರೆ. ಹೆಸರು ಬಾಯಿಗೆ ಬಾರದ ಕಾಯಿಲೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ಲಿಪಿಯಲ್ಲಿ ಬರೆದರೆ ಆ ಪದ ಅರ್ಧ ಪಳಗಿದಂತೆಯೇ. ಹೈ-ಪೋ-ಗ್ಲೈ-ಸೀ-ಮಿ-ಯಾ: ಆರೇ ಅಕ್ಷರ, ಒತ್ತು ‘ಸೀ’ ಮೇಲೆ. ಅರ್ಥಕ್ಕಾಗಿ ಬಿಡಿಸಿದರೆ ಗ್ರೀಕ್ ಮೂಲದ ಮೂರು ಭಾಗಗಳು. ‘ಹೈಪೋ’ ಎಂದರೆ ಕೆಳಗೆ. ‘ಗ್ಲೈಸ್’ ಎಂದರೆ ಸಿಹಿ, ಗ್ಲೂಕೋಸಿನಲ್ಲಿರುವುದೂ ಅದೇ ಸಿಹಿ. ‘ಈಮಿಯಾ’ ರಕ್ತದ ಸ್ಥಿತಿ, ಅನೀಮಿಯಾದಲ್ಲಿ ನಾವು ದಿನವೂ ಕೇಳುವಂಥದ್ದು. ರಕ್ತದಲ್ಲಿ ಸಕ್ಕರೆ ತಗ್ಗಿದೆ, ಅಷ್ಟೆ. ‘ಹೈಪರ್’ ಎಂದರೆ ಇದಕ್ಕೆ ವಿರುದ್ಧ, ಮೇಲೆ. ಇವು ನಮಗೆ ತೀರಾ ಪರಕೀಯವೂ ಅಲ್ಲ. ಸಂಸ್ಕೃತದ ‘ಉಪ’ ಮತ್ತು ‘ಉಪರಿ’ ಇವೆರಡರ ಸೋದರ ಪದಗಳು. ಭಾಷಾವಿಜ್ಞಾನಿಗಳು ಇವನ್ನು ಒಂದೇ ಬೇರಿಗೆ ಸೇರಿಸುತ್ತಾರೆ.

ಹೈಪೋ, ಹೈಪರ್ ಎಂಬ ಎರಡರ ನಡುವಿನ ಅಂತರ ಬಾಯಲ್ಲಿ ಎಷ್ಟು ಸಣ್ಣದೋ ಮೈಯಲ್ಲಿ ಅಷ್ಟು ದೊಡ್ಡದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಗಲಿಬಿಲಿ ಶುರುವಾದರೆ ತಡಮಾಡದೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಏರಿರುವವರಿಗೆ ಅದೇ ಸಿಹಿನೀರು ಅಪಾಯ. ಗದ್ದಲದ ಫೋನಿನಲ್ಲಿ ‘ಪೋ’ ಯಾವುದು, ‘ಪರ್’ ಯಾವುದು ಎಂದು ತಿಳಿಯದೆ ಹೋಗುವುದು ಅಪರೂಪವೇನಲ್ಲ.

ಮನೆಯಲ್ಲಿ ಓದಿಕೊಂಡವರೊಬ್ಬರು ಹತ್ತು ನಿಮಿಷ ಕುಳಿತರೆ ಸಾಕು. ಚೀಟಿಯ ಹಿಂಬದಿಯಲ್ಲಿ ‘ಸಕ್ಕರೆ ಕಡಿಮೆ’, ‘ಸಕ್ಕರೆ ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಬರೆದು, ಮಾಡಬೇಕಾದುದನ್ನು ಅದರ ಕೆಳಗೇ ಬರೆದಿಡಬಹುದು. ಅಜ್ಜಿಗೆ ನಾವು ಹೇಳಿ ಮುಗಿಸಿದ ಮೇಲೆ ಅವರಿಂದಲೂ ಒಮ್ಮೆ ಹೇಳಿಸಿ ಕೇಳೋಣ. ವೈದ್ಯರಿಗೆ ಫೋನ್ ಮಾಡಿದಾಗ ಹೆಸರಿನ ಜೊತೆಗೆ ಮೀಟರಿನ ಅಂಕಿಯನ್ನೂ ಬಿಡಿಸಿ ಹೇಳೋಣ.