ನಡುಗುವ ಕೈ, ನಡುಗದ ವ್ರತ

ವ್ರತವೆಂಬುದು ಸಂಕಲ್ಪಪೂರ್ವಕವಾದ ನಿಯಮ. ಸೇವಿಸಲು ಸಾಧ್ಯವಿರುವುದನ್ನು ತಿಳಿದು ತ್ಯಜಿಸಿದಾಗಲೇ ಅದು ವ್ರತವೆನಿಸುತ್ತದೆ. ಅನ್ನ ದೊರೆಯದೆ ಹಸಿದವನು ಉಪವಾಸಿಯಲ್ಲ, ಸೆರೆಮನೆಯಲ್ಲಿರುವವನು ದಿಗ್ವ್ರತಿಯಲ್ಲ. ಹೀಗಿರುವಾಗ, ಸಂಕಲ್ಪವನ್ನು ಕಾರ್ಯಕ್ಕಿಳಿಸುವ ಶರೀರವೆಂಬ ಸಾಧನವೇ ಕೆಟ್ಟರೆ, ಮತ್ತು ಆ ಸಾಧನವನ್ನು ನಡೆಸುವ ಔಷಧವನ್ನು ಸೂರ್ಯಾಸ್ತದ ಅನಂತರವೂ ಸೇವಿಸಬೇಕಾಗಿ ಬಂದರೆ, ವ್ರತಿಯಾದವನ ಕರ್ತವ್ಯವೇನು? ಇದು ಕೇವಲ ವೈದ್ಯರ ಪ್ರಶ್ನೆಯಲ್ಲ, ಕೇವಲ ಪಂಡಿತರ ಪ್ರಶ್ನೆಯೂ ಅಲ್ಲ. ಎರಡನ್ನೂ ಕೂಡಿಸಿ ನೋಡದಿದ್ದರೆ ಒಂದೋ ದೇಹಕ್ಕೆ ಅಪಾಯ, ಇಲ್ಲವೇ ಭಾವಕ್ಕೆ ಹಾನಿ.

ಸುರಪುರ ತಾಲೂಕಿನ ಕೆಂಭಾವಿಯಂತಹ ಊರಿನ ಒಂದು ಶ್ರಾವಕ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯರು ಅನೇಕ ವರ್ಷಗಳಿಂದ ರಾತ್ರಿಭೋಜನ ತ್ಯಾಗಿಗಳು. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವವರು. ಅರವತ್ತು ದಾಟಿದ ಮೇಲೆ ಅವರ ಬಲಗೈ ಸುಮ್ಮನಿದ್ದಾಗ ನಡುಗತೊಡಗುತ್ತದೆ. ಹೆಬ್ಬೆರಳು ತೋರುಬೆರಳಿನ ಮೇಲೆ ಜಪಮಣಿಯನ್ನು ಸರಿಸುವಂತೆ ಹೊರಳುತ್ತದೆ. ಅಕ್ಷರ ಸಣ್ಣದಾಗುತ್ತದೆ, ನಡಿಗೆ ಕುಂದುತ್ತದೆ. ಬಸದಿಯ ಹೊಸ್ತಿಲಿಗೆ ಬಂದೊಡನೆ ಪಾದಗಳು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತವೆ. ವೈದ್ಯರು ಇದನ್ನು ಪಾರ್ಕಿನ್‌ಸನ್ ರೋಗವೆಂದು ಗುರುತಿಸಿ ದಿನಕ್ಕೆ ಮೂರು ನಾಲ್ಕು ಬಾರಿ ಮಾತ್ರೆ ಕೊಡುತ್ತಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಹೆಸರು. ನಮ್ಮ ನಾಡಿನ ವೈದ್ಯದಲ್ಲಿ ಇಂತಹ ಲಕ್ಷಣಗಳಿಗೆ ಕಂಪವಾತವೆಂದು ಹೆಸರು.

ಈ ರೋಗದ ಸ್ವರೂಪವನ್ನು ತಿಳಿಯಬೇಕಾದರೆ ನರಕೋಶಗಳು ಪರಸ್ಪರ ವಾರ್ತೆ ಮುಟ್ಟಿಸುವ ಬಗೆಯನ್ನು ಅರಿಯಬೇಕು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶದ ಎಳೆಯುದ್ದಕ್ಕೂ ವಾರ್ತೆಯು ವಿದ್ಯುತ್ತಿನ ರೂಪದಲ್ಲಿ ಹರಿಯುತ್ತದೆ. ಸೋಡಿಯಂ ಕಣಗಳು ಒಳನುಗ್ಗುತ್ತವೆ, ಪೊಟ್ಯಾಸಿಯಂ ಕಣಗಳು ಹೊರಬೀಳುತ್ತವೆ, ಅಲೆಯು ಮುಂದಕ್ಕೆ ಸಾಗುತ್ತದೆ. ಆದರೆ ಎಳೆಯ ತುದಿಯು ಮುಂದಿನ ಕೋಶಕ್ಕೆ ಸಾಮಾನ್ಯವಾಗಿ ತಾಗಿರುವುದಿಲ್ಲ. ನಡುವೆ ಒಂದು ಮಿಲಿಮೀಟರಿನ ಸುಮಾರು ಐವತ್ತು ಸಾವಿರದ ಒಂದು ಭಾಗದಷ್ಟು ಸಂದು ಇರುತ್ತದೆ. ಅಲೆಯು ತುದಿ ಮುಟ್ಟಿದಾಗ ಕ್ಯಾಲ್ಸಿಯಂ ಒಳಬಂದು, ಅಲ್ಲಿನ ಸೂಕ್ಷ್ಮ ಚೀಲಗಳು ತೆರೆದು, ಒಂದು ರಾಸಾಯನಿಕ ದ್ರವ್ಯವನ್ನು ಸಂದಿಗೆ ಸುರಿಯುತ್ತವೆ. ಆಚೆಯ ಕೋಶದಲ್ಲಿ ಅದನ್ನು ಹಿಡಿಯುವ ಗ್ರಾಹಕಗಳಿವೆ. ಬೀಗಕ್ಕೆ ಕೀಲಿ ಕೂಡಿದಂತೆ ದ್ರವ್ಯವು ಗ್ರಾಹಕಕ್ಕೆ ಕೂಡಿದಾಗ ಆ ಕೋಶವು ಪ್ರಚೋದನೆಗೊಳ್ಳುತ್ತದೆ, ಇಲ್ಲವೇ ಶಮನಗೊಳ್ಳುತ್ತದೆ. ಕೆಲಸ ತೀರಿದೊಡನೆ ದ್ರವ್ಯವು ಹಿಂದಕ್ಕೆ ಹೀರಲ್ಪಡುತ್ತದೆ ಅಥವಾ ಒಡೆದುಹೋಗುತ್ತದೆ.

ಈ ತಿಳಿವಳಿಕೆ ಬಂದ ದಾರಿಯನ್ನೂ ಮರೆಯಬಾರದು. 1921ರಲ್ಲಿ ಆಸ್ಟ್ರಿಯದ ಒಟ್ಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ಹೊರತೆಗೆದು, ಒಂದರ ನರವನ್ನು ಪ್ರಚೋದಿಸಿ ಬಡಿತವನ್ನು ನಿಧಾನಗೊಳಿಸಿದರು. ಅದನ್ನು ಸುತ್ತುವರಿದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನವಾಯಿತು. ವಾರ್ತೆಯನ್ನು ಒಯ್ದದ್ದು ದ್ರವ್ಯವೆಂದು ಅದರಿಂದ ಸಿದ್ಧವಾಯಿತು. 1936ರ ನೊಬೆಲ್ ಪ್ರಶಸ್ತಿಯನ್ನು ಅವರು ಹೆನ್ರಿ ಡೇಲ್ ಅವರೊಂದಿಗೆ ಹಂಚಿಕೊಂಡರು. ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಎಂಬ ಔಷಧವನ್ನು ಕೊಟ್ಟ ಮೊಲಗಳು ಅಲುಗಾಡದೆ ಬಿದ್ದಿರುವುದನ್ನೂ, ಲೆವೊಡೋಪ ಕೊಟ್ಟಾಗ ಮತ್ತೆ ಎದ್ದು ಓಡಾಡಿದ್ದನ್ನೂ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ತೋರಿಸಿದರು. ಅಹಿಂಸೆಯನ್ನು ಪರಮಧರ್ಮವೆನ್ನುವ ಗೃಹಸ್ಥನು ಈ ಪ್ರಯೋಗಗಳನ್ನು ಅನುಮೋದಿಸಲಾರನು. ಅದರ ಫಲವಾದ ಔಷಧವನ್ನು ಸೇವಿಸುವಾಗ, ಇದು ಮೂಕಪ್ರಾಣಿಗಳ ನೋವಿನಿಂದ ಬಂದದ್ದೆಂಬ ಅರಿವಾದರೂ ಅವನಲ್ಲಿ ಇರತಕ್ಕದ್ದು. ಆ ಅರಿವು ಅವನನ್ನು ಪ್ರತಿಕ್ರಮಣದಲ್ಲಿ ಹೆಚ್ಚು ಪ್ರಾಮಾಣಿಕನನ್ನಾಗಿಸೀತು.

ಮೆದುಳಿನ ಬುಡದಲ್ಲಿ ಕಪ್ಪುಬಣ್ಣದ ಒಂದು ಸಣ್ಣ ಪ್ರದೇಶವಿದೆ. ಅಲ್ಲಿನ ಕೋಶಗಳು ಡೋಪಮೀನ್ ಎಂಬ ದ್ರವ್ಯವನ್ನು ಸುರಿಸಿ, ಚಲನೆಯನ್ನು ಆರಂಭಿಸುವ, ಹದವಾಗಿಸುವ ಕೇಂದ್ರಗಳನ್ನು ನಡೆಸುತ್ತವೆ. ಕಂಪವಾತದಲ್ಲಿ ಈ ಕೋಶಗಳು ಸಾಯುತ್ತ ಹೋಗುತ್ತವೆ; ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಅರ್ಧದಷ್ಟು ಅಳಿದಿರುತ್ತವೆ. ಡೋಪಮೀನನ್ನೇ ನುಂಗಿದರೆ ಅದು ರಕ್ತದಿಂದ ಮೆದುಳಿಗೆ ದಾಟದು. ಅದರ ಪೂರ್ವರೂಪವಾದ ಲೆವೊಡೋಪ ದಾಟುತ್ತದೆ. ದಾರಿಯಲ್ಲೇ ಒಡೆದುಹೋಗದಂತೆ ಅದರೊಡನೆ ಕಾರ್ಬಿಡೋಪವನ್ನು ಸೇರಿಸುತ್ತಾರೆ. ಆಶ್ಚರ್ಯವೆಂದರೆ, ಬೇಲಿಯ ಮೇಲೆ ಹಬ್ಬಿ ಮುಟ್ಟಿದವರಿಗೆ ತುರಿಕೆ ತರುವ ನಸುಗುನ್ನಿಯ ಬೀಜದಲ್ಲಿಯೂ ಈ ಲೆವೊಡೋಪವೇ ಇದೆ. ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲಿಯೇ ಅದನ್ನು ಬೇರ್ಪಡಿಸಿದ್ದರು. ಹಾಗೆಂದು ಬೀಜವನ್ನು ತಾನೇ ಪುಡಿಮಾಡಿ ಸೇವಿಸುವುದು ಅವಿವೇಕ. ಪ್ರಮಾಣ ತಿಳಿಯದ ಔಷಧವು ವಿಷಕ್ಕೆ ಸಮೀಪವಾದುದು. ನಡುಕವೆಲ್ಲ ಈ ರೋಗವೂ ಅಲ್ಲ. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್‌ನಂತಹ ಕೆಲವು ಔಷಧಗಳು ಡೋಪಮೀನಿನ ಗ್ರಾಹಕಗಳನ್ನು ಮುಚ್ಚಿ ಇದೇ ಬಗೆಯ ಬಿಗಿತವನ್ನು ತರಬಲ್ಲವು.

ಈಗ ವ್ರತದ ಮಾತು. ಲೆವೊಡೋಪದ ಪ್ರಮಾಣವು ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕೆಂಭಾವಿಯ ಸೀಮೆಯಲ್ಲಿ ಚಳಿಗಾಲದ ಹಗಲು ಸುಮಾರು 11 ಗಂಟೆ, ಬೇಸಿಗೆಯದು ಸುಮಾರು 13 ಗಂಟೆ. ಸೂರ್ಯಾಸ್ತಕ್ಕೆ ಮುಂಚೆ ಕೊನೆಯ ಮಾತ್ರೆ, ಸೂರ್ಯೋದಯದ ಅನಂತರ ಮೊದಲ ಮಾತ್ರೆ ಎಂದು ಹೊಂದಿಸಿಕೊಂಡರೆ ರೋಗದ ಆರಂಭದ ವರ್ಷಗಳಲ್ಲಿ ಬಹುಮಂದಿಗೆ ಸಾಕಾಗಬಹುದು. ರಾತ್ರಿಯ ಬಿಗಿತಕ್ಕೆ ನಿಧಾನವಾಗಿ ಕರಗುವ ಮಾತ್ರೆಗಳೂ ಇವೆ. ವೈದ್ಯರಿಗೆ ತನ್ನ ವ್ರತವನ್ನು ಮೊದಲೇ ತಿಳಿಸುವುದು ರೋಗಿಯ ಹೊಣೆ. ತೊಗರಿಯ ಸೀಮೆಯ ಊಟದಲ್ಲಿ ಬೇಳೆಗೆ ಮುಖ್ಯಸ್ಥಾನವಿದೆ. ಬೇಳೆ ಹಾಲುಗಳ ಪ್ರೋಟೀನು ಕರುಳಿನಲ್ಲಿಯೂ ಮೆದುಳಿನ ದ್ವಾರದಲ್ಲಿಯೂ ಲೆವೊಡೋಪದೊಡನೆ ಪೈಪೋಟಿ ನಡೆಸುವುದರಿಂದ ಊಟಕ್ಕೆ ಅರ್ಧ ಗಂಟೆಯಷ್ಟು ಮುಂಚೆ ಮಾತ್ರೆ ತೆಗೆದುಕೊಳ್ಳುವುದು ವಾಡಿಕೆ. ಏಕಾಶನ ಮಾಡುವವರು ಇದನ್ನು ಅವಶ್ಯವಾಗಿ ಗಮನಿಸಬೇಕು. ಕೆಲವು ಔಷಧಗಳ ಕ್ಯಾಪ್ಸೂಲಿನ ಕವಚವು ಪ್ರಾಣಿಗಳ ಚರ್ಮ ಮೂಳೆಗಳಿಂದ ಮಾಡಿದ ಜೆಲಾಟಿನ್ ಆಗಿರುತ್ತದೆ. ಮಾತ್ರೆಯ ರೂಪವಿದ್ದರೆ ಅದನ್ನೇ ಕೇಳಿ ಪಡೆಯಬಹುದು.

ರೋಗವು ಬಲಿತು ರಾತ್ರಿಯಲ್ಲಿಯೂ ಮಾತ್ರೆ ಅನಿವಾರ್ಯವಾದರೆ? “ಔಷಧವು ಆಹಾರವೇ ಅಲ್ಲ” ಎಂದು ನುಣುಚಿಕೊಳ್ಳುವವರಿದ್ದಾರೆ. ಇದು ಆತ್ಮವಂಚನೆ. ಚತುರ್ವಿಧಾಹಾರವನ್ನು ತ್ಯಜಿಸಿದವನಿಗೆ ಮಾತ್ರೆಯೊಡನೆ ಕುಡಿಯುವ ನೀರೂ ಆಹಾರವೇ. “ಪ್ರಾಣ ಹೋದರೂ ಸರಿ, ಮುಟ್ಟೆ” ಎನ್ನುವವರೂ ಇದ್ದಾರೆ. ಇದನ್ನೂ ವಿಚಾರಿಸಿ ನೋಡಬೇಕು. ರಾತ್ರಿಭೋಜನ ತ್ಯಾಗದ ಮೂಲವು ಎರಡು: ಕತ್ತಲಲ್ಲಿ ಕಾಣದ ಸೂಕ್ಷ್ಮಜೀವಿಗಳ ರಕ್ಷಣೆ, ಮತ್ತು ನಾಲಗೆಯ ರಾಗದ ನಿಗ್ರಹ. ಒಲೆ ಹೊತ್ತಿಸದೆ, ರುಚಿಯ ಆಸೆಯಿಲ್ಲದೆ, ಸೋಸಿದ ನೀರಿನಲ್ಲಿ ನುಂಗುವ ಮಾತ್ರೆಯಲ್ಲಿ ಈ ಎರಡು ದೋಷಗಳೂ ಅತ್ಯಲ್ಪ. ಆದುದರಿಂದ ಸರಿಯಾದ ದಾರಿ ಇವೆರಡರ ನಡುವಿನದು: ದೋಷವನ್ನು ದೋಷವೆಂದೇ ಒಪ್ಪಿ, ಗುರುಗಳ ಸಮಕ್ಷಮದಲ್ಲಿ ಆಲೋಚನೆ ಮಾಡಿ, ಅವರು ವಿಧಿಸಿದ ಮಿತಿಯನ್ನೂ ಪ್ರಾಯಶ್ಚಿತ್ತವನ್ನೂ ಸ್ವೀಕರಿಸುವುದು. ಹೊಸದಾಗಿ ವ್ರತ ತೆಗೆದುಕೊಳ್ಳುವ ರೋಗಿಯು ನೀರು ಔಷಧಗಳ ಅವಕಾಶವನ್ನು ಆಗಲೇ ಹೇಳಿಟ್ಟುಕೊಳ್ಳುವುದು ಲೇಸು. ಹೇಳಿ ಇಟ್ಟುಕೊಂಡ ಮಿತಿಯು ವ್ರತದ ಅಂಗ; ಕದ್ದು ನುಂಗಿದ ಗುಟುಕು ವ್ರತದ ಭಂಗ.

ಉಪವಾಸದ ದಿನ ಔಷಧವನ್ನು ತಟ್ಟನೆ ನಿಲ್ಲಿಸುವುದಂತೂ ಸಲ್ಲದು. ಲೆವೊಡೋಪವನ್ನು ಹಠಾತ್ತನೆ ಬಿಟ್ಟರೆ ಕೆಲವರಲ್ಲಿ ಮೈಯೆಲ್ಲ ಮರಗಟ್ಟಿ, ತೀವ್ರ ಜ್ವರವೇರಿ, ಪ್ರಾಣಕ್ಕೇ ಕುತ್ತು ಬರಬಹುದು. ಷೋಡಶಕಾರಣ ಭಾವನೆಗಳಲ್ಲಿ ತಪವನ್ನೂ ತ್ಯಾಗವನ್ನೂ ಹೇಳುವಾಗ “ಶಕ್ತಿತಃ” ಎಂಬ ಮಾತು ಸೇರಿಕೊಂಡಿರುವುದು ಸುಮ್ಮನಲ್ಲ. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ, ಶಕ್ತಿಯನ್ನು ಮೀರಿ ಆರ್ತಧ್ಯಾನಕ್ಕೆ ಬೀಳುವುದೂ ಹಾಗೆಯೇ ದೋಷ. ಸಮಂತಭದ್ರಾಚಾರ್ಯರು ಸಲ್ಲೇಖನೆಯನ್ನು ವಿಧಿಸಿದ್ದು ಪ್ರತೀಕಾರವಿಲ್ಲದ ಸ್ಥಿತಿಗೆ ಮಾತ್ರ. ಪ್ರತೀಕಾರವಿರುವ ರೋಗದಲ್ಲಿ ಮಾತ್ರೆಯನ್ನು ಎಸೆಯುವುದನ್ನು ತಪಸ್ಸೆಂದು ಕರೆಯಲಾಗದು. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು; ನಿಂತು ಕರಪಾತ್ರದಲ್ಲಿ ದಿನಕ್ಕೊಮ್ಮೆ ಆಹಾರ ಸ್ವೀಕರಿಸುವ ದಿಗಂಬರ ಮುನಿಗಳಿಗೂ ಶ್ರಾವಕರು ಅದೇ ಹೊತ್ತಿನಲ್ಲಿ ಔಷಧವನ್ನು ನೀಡುತ್ತಾರೆ. ಕೆಂಭಾವಿಗೆ ದೂರವಲ್ಲದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದರು. ಚಿಕಿತ್ಸೆಯನ್ನು ತೊರೆಯದೆ ಅದನ್ನು ಧರ್ಮದ ಮಿತಿಯೊಳಗೆ ತರುವುದು ಅವರು ತೋರಿದ ದಾರಿ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಆಳವಾದುದು. ಒಂದು ಜಡದ್ರವ್ಯ ಕಡಿಮೆಯಾದರೆ ನಡೆಯಬೇಕೆಂಬ ಇಚ್ಛೆಯೇ ಕುಂಠಿತವಾಗುವುದಾದರೆ, ಸಂಯಮವು ಆತ್ಮದ ಗುಣವೆನ್ನುವುದು ಹೇಗೆ? ಶರೀರ, ವಚನ, ಮನಸ್ಸು, ಉಸಿರು, ಇವು ಪುದ್ಗಲದ ಉಪಕಾರವೆಂದು ಉಮಾಸ್ವಾಮಿಗಳೇ ಹೇಳಿರುವುದರಿಂದ ಜೈನನು ಈ ಸಂಗತಿಯಿಂದ ಬೆದರಬೇಕಾದ್ದಿಲ್ಲ. ಹಾಗೆಂದು ಡೋಪಮೀನನ್ನೇ ಕರ್ಮವೆಂದು ಕರೆಯುವ ಆತುರವೂ ಬೇಡ. ಅದು ಅಳೆಯಲು ಬರುವ ಸ್ಥೂಲ ದ್ರವ್ಯ; ಕರ್ಮಪುದ್ಗಲವು ಇಂದ್ರಿಯಗಳಿಗೆ ನಿಲುಕದ್ದು. ಡೋಪಮೀನು ನಿಮಿತ್ತ, ಉಪಾದಾನವು ಜೀವನೇ. ರೋಗಿಯ ಬೆರಳು ಮಣಿಯೆಣಿಸುವಂತೆ ಹೊರಳಿದರೂ ಅದು ಜಪವಲ್ಲ, ಏಕೆಂದರೆ ಅಲ್ಲಿ ಭಾವವಿಲ್ಲ. ಬೆರಳು ಮರಗಟ್ಟಿ ಮಣಿ ಸರಿಯದಿದ್ದರೂ ಣಮೋಕಾರದಲ್ಲಿ ಚಿತ್ತ ನಿಂತಿದ್ದರೆ ಜಪವು ನಿಂತಿಲ್ಲ. ಕ್ರಿಯೆಗೂ ಭಾವಕ್ಕೂ ಇರುವ ಭೇದವನ್ನು ಈ ರೋಗವು ಕಣ್ಣೆದುರಿಗೇ ತೋರಿಸುತ್ತದೆ.

ಆದರೆ ಔಷಧವು ಭಾವವನ್ನೇ ಕದಡಿದರೆ? ಡೋಪಮೀನಿನಂತೆ ನಟಿಸಿ ಗ್ರಾಹಕಗಳಿಗೆ ಕೂಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮೊದಲಾದ ಮಾತ್ರೆಗಳನ್ನು ಸೇವಿಸುವ ಕೆಲವರಲ್ಲಿ, ಮೊದಲು ಎಂದೂ ಇಲ್ಲದ ಜೂಜಿನ ಹುಚ್ಚು, ಕೊಳ್ಳುವ ಹುಚ್ಚು, ತಿನ್ನುವ ಆಸೆ, ಕಾಮಾತಿರೇಕಗಳು ತಲೆದೋರುತ್ತವೆ. 2010ರಲ್ಲಿ ಪ್ರಕಟವಾದ, ಉತ್ತರ ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ ಸುಮಾರು 14 ಮಂದಿಯಲ್ಲಿ ಇಂತಹ ವಿಕಾರಗಳು ಕಂಡವು. ಜೂಜು ಸಪ್ತವ್ಯಸನಗಳಲ್ಲಿ ಮೊದಲನೆಯದು. ಜೀವಮಾನವೆಲ್ಲ ಅದನ್ನು ತೊರೆದ ಹಿರಿಯರು ಎಪ್ಪತ್ತರ ವಯಸ್ಸಿನಲ್ಲಿ ಗುಟ್ಟಾಗಿ ಹಣ ಕಳೆಯತೊಡಗಿದರೆ ಮನೆಯವರು “ಇಷ್ಟು ದಿನದ ವ್ರತವೆಲ್ಲ ಬೂಟಾಟಿಕೆ” ಎಂದು ತೀರ್ಮಾನಿಸುವರು. ಈ ತೀರ್ಮಾನ ಅನ್ಯಾಯವಾದುದು. ಔಷಧದ ಪ್ರಮಾಣವನ್ನು ವೈದ್ಯರು ಇಳಿಸಿದಾಗ ಅಥವಾ ಬದಲಿಸಿದಾಗ ಬಹುಮಟ್ಟಿಗೆ ಈ ವಿಕಾರ ತಗ್ಗುತ್ತದೆ. ಆದರೂ ರೋಗಿಯ ಹೊಣೆ ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಮೊದಲನೆಯದು ಮನಸ್ಸಿನ ಅಲುಗಾಟ. ಆ ಅಲುಗಾಟವನ್ನು ಔಷಧ ತಂದಿರಬಹುದು. ಆದರೆ ಅಲುಗಾಟ ಅರಿವಿಗೆ ಬಂದಾಗ ಅದನ್ನು ಮಕ್ಕಳಿಗೋ ವೈದ್ಯರಿಗೋ ಹೇಳುವುದು, ಮುಚ್ಚಿಡುವುದು, ಇವೆರಡರಲ್ಲಿ ಒಂದನ್ನು ಆರಿಸುವ ಅವಕಾಶ ಸಾಮಾನ್ಯವಾಗಿ ಇನ್ನೂ ಅವರ ಕೈಯಲ್ಲಿದೆ. ವ್ರತವು ಉಳಿಯುವ ಎಡೆ ಅದೇ. ಹೇಳಲು ಧೈರ್ಯ ಬರುವಂತೆ ಮನೆಯ ವಾತಾವರಣವಿರುವುದು ಉಳಿದವರ ಹೊಣೆ.

ನಡಿಗೆಯ ಅಭ್ಯಾಸವೂ ಈ ರೋಗಕ್ಕೆ ಒಂದು ಔಷಧವೇ ಸರಿ. ಹೊಸ್ತಿಲಲ್ಲಿ ಪಾದ ಅಂಟಿದವರು ನೆಲದ ಮೇಲಿನ ಗೆರೆಯನ್ನು ದಾಟುವಂತೆ ಹೆಜ್ಜೆಯೆತ್ತಿದರೆ, ಅಥವಾ ಲಯಬದ್ಧವಾದ ಎಣಿಕೆಗೆ ಕಾಲಿಟ್ಟರೆ, ಎಷ್ಟೋ ವೇಳೆ ಮುಂದೆ ಸಾಗಬಲ್ಲರು. ಬಸದಿಯ ಪ್ರದಕ್ಷಿಣೆಯಲ್ಲಿ ಮೊಮ್ಮಗಳೊಬ್ಬಳು ಜೊತೆಗೆ ನಡೆಯುತ್ತ ಹೆಜ್ಜೆಗೊಂದು ಪದದಂತೆ ಣಮೋಕಾರವನ್ನು ಹೇಳಿದರೆ ಅಜ್ಜನ ಕಾಲಿಗೆ ಅದೇ ದಾರಿಯಾದೀತು. ಅವಸರಪಡಿಸುವುದು, ತೋಳು ಹಿಡಿದೆಳೆಯುವುದು ಮಾತ್ರ ಬೇಡ. ಅದರಿಂದ ಬೀಳುವ ಭಯವೇ ಹೆಚ್ಚು.

ವ್ರತವನ್ನು ಪಾಲಿಸುವವನು ಒಬ್ಬನೇ ಆದರೂ ಅದನ್ನು ಕಾಯುವುದು ಇಡೀ ಮನೆ. ಹಗಲಿರುವಾಗಲೇ ಮಾತ್ರೆಯನ್ನೂ ಸೋಸಿದ ನೀರನ್ನೂ ನೆನಪಿನಿಂದ ತಂದುಕೊಡುವ ಸೊಸೆ, ನಡುಕವನ್ನು ನೋಡಿ ನಗದ ಮಗು, ವ್ರತವನ್ನು ಹಗುರವಾಗಿ ಕಾಣದೆ ವೇಳೆಯನ್ನು ಹೊಂದಿಸಿಕೊಡುವ ವೈದ್ಯ, ಇವರೆಲ್ಲರೂ ಆ ಹಿರಿಯರ ವ್ರತದ ಪಾಲುಗಾರರು.